‘ನೀವು’ ಹೋಗಿ ‘ನೀನು’ ಆದ ಸಾಲು

ಜೇರೆಡ್ ಬಂಟಿಂಗ್ ನಮ್ಮ ಹೆರನ್‌ಫೋರ್ಡಿನವರ ಕಣ್ಣಿಗೆ ಮೊದಲ ಸಲ ಸರಿಯಾಗಿ ಬಿದ್ದದ್ದು ಹಿಂದಿನಿಂದ. ಅದೂ ಪ್ರಾರ್ಥನೆಯ ಸಭೆಯಲ್ಲಿ.

ಆ ಒಂದನೇ ದಿನದ, ಅಂದರೆ ಲೋಕದವರ ಭಾನುವಾರದ, ಬೆಳಿಗ್ಗೆ ಸಭೆಗೆ ಹೊರಟವನಿಗೆ ಕನ್ನಡಕದ ನೆನಪಾಗಿ ತನ್ನ ಅಚ್ಚುಕೂಟದೊಳಗೆ ಹೋಗಿದ್ದಾನೆ. ಷೂ ದಾರ ಬಿಚ್ಚಿಕೊಂಡಿತ್ತು. ಕಟ್ಟಿಕೊಳ್ಳಲೆಂದು ಪಕ್ಕದ ಹಾಸುಗಲ್ಲಿನ ಮೇಲೆ ಕುಳಿತಿದ್ದಾನೆ. ಹಿಂದಿನ ಸಂಜೆ ಮಸಿ ಬಳಿದು, ತೊಳೆಯದೆ ಬಿಟ್ಟ ಮೊಳೆಗಳ ಪುಟ ಆ ಕಲ್ಲಿನ ಮೇಲೇ ಇತ್ತು. ಅಚ್ಚಿನ ಮೊಳೆಗಳಲ್ಲಿ ಅಕ್ಷರ ತಿರುಗಾಮುರುಗಾ ಇರುತ್ತದೆ, ಒತ್ತಿದ ಮೇಲೆ ನೆಟ್ಟಗಾಗುತ್ತದೆ. ಜೇರೆಡ್ ತೂಕದ ಮನುಷ್ಯ, ಚೆನ್ನಾಗಿಯೇ ಒತ್ತಿದ್ದ. ತಡವಾಗಿ ಬಂದವನು ಬೆಂಚುಗಳ ನಡುವೆ ಮೆಲ್ಲಗೆ ನಡೆದು ಮುಂದಿನ ಸಾಲಿಗೆ ಹೋಗುವಾಗ ಅವನ ಬೂದು ಚಲ್ಲಣದ ಮೇಲೆ ಊರಿಗೆ ಊರೇ ಓದಿತು: ‘ಜಮೈಕಾದಿಂದ ಈಗಷ್ಟೇ ಬಂದ ಉತ್ತಮ ರಮ್. ರುಚಿ ನೋಡಿ ಕೊಳ್ಳಿ.’

ನಮ್ಮ ಪಂಥದ ಹೆಸರು ಗೆಳೆಯರ ಸಂಘ, ಒಬ್ಬರನ್ನೊಬ್ಬರು ‘ಗೆಳೆಯ’ ಎಂದೇ ಕರೆಯುತ್ತೇವೆ. ನಮ್ಮ ಸಭೆಯಲ್ಲಿ ಪಾದ್ರಿಯಿಲ್ಲ, ಹಾಡಿಲ್ಲ, ಗಂಟೆಯಿಲ್ಲ. ಎಲ್ಲರೂ ಸುಮ್ಮನೆ ಕೂರುತ್ತೇವೆ. ಒಳಗಿನ ಬೆಳಕು ಯಾರನ್ನು ಎಬ್ಬಿಸುತ್ತದೆಯೋ ಅವರು ಎದ್ದು ಮಾತಾಡುತ್ತಾರೆ. ಯಾರನ್ನೂ ಎಬ್ಬಿಸದಿದ್ದರೆ ಎಲ್ಲರೂ ಸುಮ್ಮನೆ ಎದ್ದು ಮನೆಗೆ ಹೋಗುತ್ತೇವೆ. ಆ ದಿನ ಮೌನ ಉಳಿಸಿಕೊಳ್ಳಲು ಎಷ್ಟು ಜನ ತುಟಿ ಕಚ್ಚಿಕೊಂಡರೋ. ನನ್ನ ಪಕ್ಕದ ಪೀಪಾಯಿ ಮಾಡುವವನು ತನ್ನ ಕರವಸ್ತ್ರವನ್ನು ಅರ್ಧ ನುಂಗಿದ್ದ.

ಸಭೆ ಮುಗಿದ ಮೇಲೆ ಹಿರಿಯ ಫಿನಿಯಾಸ್ ರಿಜ್‌ವೇ ಅವನನ್ನು ಬಾಗಿಲ ಬಳಿ ನಿಲ್ಲಿಸಿದ. ಫಿನಿಯಾಸ್ ಎಂದರೆ ಹಳ್ಳದ ದಡದ ಹಿಟ್ಟಿನ ಗಿರಣಿಯ ಒಡೆಯ; ನಮ್ಮಲ್ಲಿ ಯಾರೂ ದೊಡ್ಡವರಲ್ಲ, ಆದರೆ ಅವನು ಆ ಪೈಕಿ ದೊಡ್ಡವನು.

“ಗೆಳೆಯ ಜೇರೆಡ್, ನಿನ್ನ ಮುಂಭಾಗ ನಮ್ಮ ಜೊತೆ ಪ್ರಾರ್ಥನೇಲಿತ್ತು, ನೋಡ್ದೆ. ಹಿಂಭಾಗ ಎಲ್ಲಿತ್ತಪ್ಪಾ?”

ಜೇರೆಡ್ ಕತ್ತು ತಿರುಗಿಸಿ ತನ್ನ ಬೆನ್ನ ಹಿಂದೆ ನೋಡಿಕೊಳ್ಳಲು ಯತ್ನಿಸಿದ. ಆಗಲಿಲ್ಲ. “ಓದೋಕೆ ಆಗ್ತಾ ಇದ್ಯಾ?” ಎಂದು ಕೇಳಿದ.

“ಬೇಡದಷ್ಟು.”

“ಹಾಗಾದ್ರೆ ಮಸಿ ಹದವಾಗಿದೆ ಬಿಡು,” ಎಂದು ಮನೆಗೆ ಹೋದ.

ಅವನು ಹಾಗೇ. ಯಾರಾದರೂ ಏನಾದರೂ ಕೇಳಿದರೆ ಕೇಳಿದ್ದಕ್ಕಷ್ಟೇ ಉತ್ತರ. ಒಂದು ಚಿಟಿಕೆ ಹೆಚ್ಚಿಲ್ಲ, ಒಂದು ಚಿಟಿಕೆ ಕಡಿಮೆಯಿಲ್ಲ. ಹೌದು ಎಂದರೆ ಹೌದು, ಇಲ್ಲ ಎಂದರೆ ಇಲ್ಲ ಎನ್ನುವುದು ನಮ್ಮ ಪಂಥದ ಎಲ್ಲರೂ ಒಪ್ಪಿಕೊಂಡ ನಿಯಮ. ನಾವೆಲ್ಲ ಅದನ್ನು ಒಪ್ಪಿಕೊಂಡಿದ್ದೇವೆ, ಪಾಲಿಸುತ್ತಿದ್ದವನು ಅವನು. ನನ್ನದು ಟೋಪಿಯ ಅಂಗಡಿ. ರಾಜನೆದುರೂ ಟೋಪಿ ತೆಗೆಯದ ಜನರ ನಡುವೆ ಟೋಪಿಗಳು ಬೇಗ ಸವೆಯುತ್ತವೆ, ಹಾಗಾಗಿ ಊರಿಗೆಲ್ಲ ಟೋಪಿ ಹಾಕಿಯೂ ಮರ್ಯಾದೆಯಿಂದ ಬದುಕಿದ್ದೇನೆ. ಅಚ್ಚುಕೂಟಕ್ಕೂ ನನ್ನ ಅಂಗಡಿಗೂ ನಡುವೆ ಒಂದು ಹಲಗೆಯ ಗೋಡೆ ಮಾತ್ರ. ಅವನ ಯಂತ್ರ ಕಿರುಗುಟ್ಟುವುದನ್ನು ಕೇಳುತ್ತ ನಾನು ಉಣ್ಣೆ ಬಡಿದೆ, ನಾನು ಉಣ್ಣೆ ಬಡಿಯುವುದನ್ನು ಕೇಳುತ್ತ ಅವನು ಅಕ್ಷರ ಜೋಡಿಸಿದ. ಸ್ನೇಹ ಎಂದರೆ ನಮ್ಮಿಬ್ಬರಿಗೂ ಅಷ್ಟೇ ಗೊತ್ತಿದ್ದದ್ದು.

ಅವನ ಅಪ್ಪ ಲ್ಯಾಂಕಾಷೈರಿನ ನೇಕಾರ. ಸಭೆಗೆ ಹೋದ ತಪ್ಪಿಗೆ ಜೈಲಿಗೆ ಹೋಗಿ, ಅಲ್ಲಿಂದ ಹೊರಗೆ ಬರಲಿಲ್ಲ. ಅನಾಥನನ್ನು ಲಂಡನ್ನಿನ ಗೆಳೆಯನೊಬ್ಬ ಮುದ್ರಣದ ಕೆಲಸಕ್ಕೆ ಹಚ್ಚಿದ. ಮದುವೆಯಾದ, ಹಡಗು ಹತ್ತಿದ, ಕಡಲಾಚೆಯ ಈ ವೆಸ್ಟ್ ಜರ್ಸಿ ವಸಾಹತಿಗೆ ಬಂದ. ಹೆಂಡತಿ ಸುಸಾನ ಬಂದ ಮೂರನೆಯ ಬೇಸಿಗೆಯಲ್ಲಿ ಜ್ವರದಿಂದ ಹೋದಳು. ಹಿಂದೆಯೇ ಇಬ್ಬರು ಗಂಡುಮಕ್ಕಳು ಸಿಡುಬಿನಲ್ಲಿ ಹೋದರು. ಉಳಿದವಳು ಕೆಜಾಯಾ ಒಬ್ಬಳೇ. ಅದೇ ಅಗಲ ಹಣೆ, ಅದೇ ಮಸಿಯ ಬೆರಳು, ಅದೇ ಗಂಟುಮೋರೆ. ಅಪ್ಪನ ಪಡಿಯಚ್ಚು ಎನ್ನುವ ಮಾತು ಬೇರೆ ಮನೆಗಳಲ್ಲಿ ಬರಿ ಮಾತು, ಆ ಮನೆಯಲ್ಲಿ ಕಸುಬು. ಸಿಡುಬು ಅವಳ ಒಂದು ಕಣ್ಣನ್ನು ತೆಗೆದುಕೊಂಡಿತ್ತು. ಆದ್ದರಿಂದ ಯಾರೂ ಅವಳನ್ನು ಕೇಳಿಕೊಂಡು ಬರಲಿಲ್ಲ, ಅವಳೂ ಕಾಯಲಿಲ್ಲ. ಅಪ್ಪ ಒತ್ತಿದ ಹಾಳೆಗಳನ್ನು ಹಗ್ಗದ ಮೇಲೆ ಒಣಗಿಸುವುದು, ಮಡಿಸುವುದು, ಹೊಲಿಯುವುದು ಅವಳ ಕೆಲಸ. ಆ ಯಂತ್ರವೊಂದೇ ಇಬ್ಬರಿಗೂ ಅನ್ನ.

ಅವನಿಗೆ ಅಚ್ಚುಮೊಳೆಯ ಸೀಸದ ಚಟವಿತ್ತೇ ಹೊರತು ಸೀಸೆಯದಲ್ಲ. ಆದರೂ ರಮ್ಮಿನ ಜಾಹೀರಾತು ಅಚ್ಚು ಮಾಡುತ್ತಿದ್ದ. ಹಡಗು ಬಂದ ಸುದ್ದಿ, ಓಡಿಹೋದ ಕುದುರೆಯ ಸುದ್ದಿ, ಪಂಚಾಂಗ, ಎಲ್ಲವನ್ನೂ ಮಾಡುತ್ತಿದ್ದ. “ನಾನು ಅಂಚೆಯವನು ಕಣೋ. ಕಾಗದ ಹೊತ್ಕೊಂಡು ಹೋಗೋನಿಗೂ ಕಾಗದದಲ್ಲಿರೋ ಮಾತಿಗೂ ಏನು ಸಂಬಂಧ?” ಎನ್ನುತ್ತಿದ್ದ. ನಮ್ಮ ಪಂಥದ ಪುಸ್ತಕಗಳ ಮಾತು ಬೇರೆ. ಅವುಗಳನ್ನು ಮೊದಲು ಸಭೆಯ ಹಿರಿಯರು ಓದಿ ಒಪ್ಪಬೇಕು. ಫಿನಿಯಾಸನ ಮುಂದಾಳತ್ವದಲ್ಲಿ ಅವರು ಓದುತ್ತಿದ್ದರು, ಹೊಡೆದುಹಾಕುತ್ತಿದ್ದರು, ಮತ್ತೆ ಓದುತ್ತಿದ್ದರು. ಕೊನೆಗೆ ಅಚ್ಚಿಗೆ ಬಂದದ್ದು ಅಚ್ಚುಕಟ್ಟಾಗಿರುತ್ತಿತ್ತು, ಅದರಲ್ಲಿ ಏನೂ ಇರುತ್ತಿರಲಿಲ್ಲ.

ಒಂದು ವರ್ಷ ಒಬ್ಬ ಬಡ ದರ್ಜಿ ತಾನೇ ಬರೆದ ಹಾಳೆಗಳ ಕಟ್ಟು ತಂದುಕೊಟ್ಟ. ಮನುಷ್ಯರನ್ನು ಕೊಂಡು ದುಡಿಸುವ ಗೆಳೆಯನು ಗೆಳೆಯನೇ ಅಲ್ಲ ಎಂಬುದು ಅದರ ಸಾರ. ಫಿನಿಯಾಸನ ಗಿರಣಿಯಲ್ಲಿ ಕಫೀ ಎನ್ನುವ ಆಫ್ರಿಕಾದ ಆಳಿದ್ದ, ಕೊಂಡು ತಂದವನು. ಹಿರಿಯರು ಆ ಕಟ್ಟನ್ನು ಓದಿದರು. ‘ಇದಕ್ಕಿನ್ನೂ ಕಾಲ ಬಂದಿಲ್ಲ’ ಎಂದರು. ಜೇರೆಡ್ ಅದನ್ನು ದರ್ಜಿಗೆ ವಾಪಸು ಕೊಟ್ಟ. ದರ್ಜಿ ಅದನ್ನು ಎದೆಗೊತ್ತಿಕೊಂಡು ಮಳೆಯಲ್ಲಿ ಹೋದದ್ದನ್ನು ನಾನೂ ನೋಡಿದೆ. ಆ ವಾರವೆಲ್ಲ ಗೋಡೆಯಾಚೆ ಯಂತ್ರದ ಸದ್ದಿರಲಿಲ್ಲ.

ಇಂಥ ಮನುಷ್ಯ ಒಂದು ದಿನ ಧರ್ಮವೀರನಾದ. ಆದದ್ದು ಹೀಗೆ.

ರಾಜನ ಹೊಸ ಗವರ್ನರ್ ನಮ್ಮೂರಿನ ಹಡಗುಕಟ್ಟೆಯಲ್ಲಿ ಇಳಿಯುವವನಿದ್ದ. ಊರಿನ ವರ್ತಕರು ಸ್ವಾಗತದ ಭಾಷಣವೊಂದನ್ನು ಅಚ್ಚು ಹಾಕಿಸಿ ಹಂಚುವುದೆಂದು ನಿಶ್ಚಯಿಸಿದರು. ಬರೆದವನು ವರ್ತಕ ಹ್ಯಾಲಿಡೇ. ಅವನು ನಮ್ಮ ಪಂಥದವನಲ್ಲ, ಇಗರ್ಜಿಯವನು. ಸಕ್ಕರೆಯ ವ್ಯಾಪಾರಿ, ಬರವಣಿಗೆಯಲ್ಲೂ ಸರಕು ಅದೇ. ಗವರ್ನರ್ ಬರುವ ಹಿಂದಿನ ಮಧ್ಯಾಹ್ನ ಬರೆದು ತಂದು, ಬೆಳಗಾಗುವುದರೊಳಗೆ ಬೇಕೆಂದ.

ಇಲ್ಲೊಂದು ಮಾತು. ನಮ್ಮವರು ಯಾರನ್ನೂ ‘ನೀವು’ ಎನ್ನುವುದಿಲ್ಲ. ಒಬ್ಬನೇ ಮನುಷ್ಯನನ್ನು ಹಲವರಂತೆ ಕರೆಯುವುದು ಸುಳ್ಳು, ಮತ್ತು ಮುಖಸ್ತುತಿ. ಅಪ್ಪನಿಗೂ ನೀನು, ಆಳಿಗೂ ನೀನು, ರಾಜನಿಗೂ ನೀನು. ಈ ಏಕವಚನಕ್ಕಾಗಿ ನಮ್ಮ ಹಿರಿಯರು ಏಟು ತಿಂದರು, ಜೈಲಿಗೆ ಹೋದರು. ಏಕವಚನದವರು ಎನ್ನುವುದಕ್ಕಿಂತ ಒಂದೇ ಮಾತಿನವರು ಎನ್ನಬೇಕು. ಹ್ಯಾಲಿಡೇಯ ಭಾಷಣದಲ್ಲಿ ಸಾಲುಸಾಲಿಗೂ ‘ನೀವು’. ನಾನು ಗೋಡೆಯ ಬಿರುಕಿನಲ್ಲಿ ಇಣುಕಿ, “ಇದನ್ನೂ ಹಾಕ್ತೀಯಾ?” ಎಂದೆ.

“ಅವನ ಮಾತು, ಅವನ ಬಾಯಿ. ನಾನು ಅಂಚೆಯವನು,” ಎಂದು ಪೆಟ್ಟಿಗೆಯ ಖಾನೆಗಳಿಂದ ಒಂದೊಂದೇ ಮೊಳೆ ಹೆಕ್ಕಿ ಜೋಡಿಸುತ್ತ ಹೋದ.

ಮರುದಿನ ಹಡಗುಕಟ್ಟೆಯಲ್ಲಿ ತುತ್ತೂರಿ ಊದಿದರು. ಗವರ್ನರನ ಕಾರ್ಯದರ್ಶಿ ಹಾಳೆ ಹಿಡಿದು ಗಟ್ಟಿಯಾಗಿ ಓದತೊಡಗಿದ. “ನೀವು ಹಡಗಿನಿಂದ ಇಳಿದಿರಿ, ನದಿ ತಿಳಿಯಾಯಿತು. ನೀವು ದಡದಲ್ಲಿ ನಿಂತಿರಿ, ಗಾಳಿ ತಂಪಾಯಿತು.” ಗವರ್ನರ್ ತಲೆದೂಗಿದ. ಹಾಳೆಯ ನಡುಮಧ್ಯಕ್ಕೆ ಬಂದಾಗ ಓದುವವನಿಗೆ ಕಡಿವಾಣ ಬೀಳಲಿಲ್ಲ. ಬಾಯಿ ಕಣ್ಣಿಗಿಂತ ಮುಂದೆ ಓಡುತ್ತಿತ್ತು. “ನೀನು ನಕ್ಕೆ, ನಮ್ಮ ಕಷ್ಟ ಕಳೆಯಿತು. ನೀನು ಉಂಡೆ, ನಮ್ಮ ಹೊಟ್ಟೆ ತುಂಬಿತು.” ಅಲ್ಲಿಂದ ಕೊನೆಯವರೆಗೂ ನೀನು, ನೀನು, ನೀನು. ಹ್ಯಾಲಿಡೇಯ ಮುಖ ಸಕ್ಕರೆಯಂತೆ ಬೆಳ್ಳಗಾಯಿತು. ಹಿಂದೆ ನಿಂತ ನಾವಿಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಗದಿದ್ದರೆ ಗವರ್ನರ್ ಗಮನಿಸದೆಯೂ ಇರುತ್ತಿದ್ದನೇನೋ.

ಸಂಜೆಯೊಳಗೆ ಷೆರೀಫ್ ಅಚ್ಚುಕೂಟದ ಬಾಗಿಲಿಗೆ ಅರಗಿನ ಮುದ್ರೆ ಒತ್ತಿದ. ಮುದ್ರಕನ ಮೇಲೇ ಮುದ್ರೆ ಬಿತ್ತು.

ನ್ಯಾಯಾಲಯದಲ್ಲಿ ಜೇರೆಡ್ ಟೋಪಿ ತೆಗೆಯಲಿಲ್ಲ. ಪೇದೆ ತೆಗೆದ. ನಾನು ಮಾಡಿದ ಟೋಪಿ. ನೆಲಕ್ಕೆ ಬಿದ್ದರೂ ಆಕಾರ ಕೆಡಲಿಲ್ಲ. ಕೇಳುವವನು ಆ ಕಾರ್ಯದರ್ಶಿಯೇ.

“ನೀನು ಗವರ್ನರ್ ಸಾಹೇಬ್ರನ್ನ ನೀನು ಅಂತ ಅಂತೀಯೇನೋ ನೀನು?”

ಜೇರೆಡ್ ಆ ವಾಕ್ಯವನ್ನು ಒಂದು ಕ್ಷಣ ಮನಸ್ಸಿನಲ್ಲೇ ಜೋಡಿಸಿ ನೋಡಿದಂತಿತ್ತು. “ಹಾಳೇಲಿ ಹಾಗೇ ಇದೆ,” ಎಂದ.

“ಕೈತಪ್ಪಿ ಆಯ್ತಾ?”

“ಇಲ್ಲ.”

“ಗೊತ್ತಿದ್ದೇ ಮಾಡಿದ್ಯಾ?”

“ಹೌದು.”

“ಅವಮಾನ ಮಾಡ್ಬೇಕು ಅಂತಾನೇ?”

“ಇಲ್ಲ.”

“ನೋಡ್ರಪ್ಪಾ. ಕೈತಪ್ಪೂ ಅಲ್ವಂತೆ, ಅವಮಾನಾನೂ ಅಲ್ವಂತೆ. ಇವರ ಧರ್ಮಾನೇ ಇದು,” ಎಂದು ಕಾರ್ಯದರ್ಶಿ ನ್ಯಾಯಾಧೀಶನ ಕಡೆ ತಿರುಗಿದ. ಯಾಕೆ ಮಾಡಿದೆ ಎಂದು ಯಾರೂ ಕೇಳಲಿಲ್ಲ. ಕೇಳದ್ದಕ್ಕೆ ಅವನು ಉತ್ತರ ಕೊಡಲಿಲ್ಲ. ಅವಮಾನ ಮಾಡಲೆಂದೇ ಮಾಡಿದೆ, ಕ್ಷಮೆ ಇರಲಿ ಎಂದು ಬರೆದು ರುಜು ಹಾಕುವ ತನಕ ಜೈಲು ಎಂದಾಯಿತು. ಅದು ಸುಳ್ಳು, ಹಾಗಾಗಿ ಅವನು ರುಜು ಹಾಕಲಾರ. ಹಾಗಾಗಿ ಜೈಲು.

ಆ ಜೈಲು ನದಿಯ ಪಕ್ಕದ ನೆಲಮಾಳಿಗೆ. ಚಳಿಗಾಲದಲ್ಲಿ ಗೋಡೆಯೇ ಬೆವರುತ್ತಿತ್ತು. ಅವನ ಕೆಮ್ಮು ಶುರುವಾದದ್ದು ಅಲ್ಲೇ. ಆದರೆ ಹೊರಗೆ ಅವನ ಕೀರ್ತಿ ಬೆಳೆಯಿತು. ಗೆಳೆಯರ ಸಂಘದಲ್ಲಿ ಇಷ್ಟು ವರ್ಷ ಗೆಳೆಯರೇ ಇಲ್ಲದಿದ್ದವನನ್ನು ನೋಡಲು ದೂರದೂರದಿಂದ ಗೆಳೆಯರು ಬಂದರು. ಜೋಳದ ಗಂಜಿ ತಂದರು, ಒಣ ಸೇಬು ತಂದರು. ಅವರು ಹೇಳಿಕೊಳ್ಳುತ್ತಿದ್ದ ಕಥೆ ಇಷ್ಟು: ಜೇರೆಡ್ ಲೋಕದ ಮುಖಸ್ತುತಿಯನ್ನು ಜೋಡಿಸುತ್ತ ಕೂತಿದ್ದ, ಅರ್ಧ ಹಾಳೆ ಆಗುವಾಗ ಒಳಗಿನ ಬೆಳಕು ಅವನ ಕೈ ಹಿಡಿಯಿತು, ಅಲ್ಲಿಂದ ಮುಂದೆ ಆ ಕೈ ಸುಳ್ಳು ಜೋಡಿಸಲು ಒಪ್ಪಲಿಲ್ಲ. ಆ ಹಾಳೆಯನ್ನೇ ಮನೆಗಳಲ್ಲಿ ಎತ್ತಿಟ್ಟುಕೊಂಡರು. ‘ನೀವು’ ಹೋಗಿ ‘ನೀನು’ ಆದ ಆ ಸಾಲಿಗೆ ಬೆರಳಿಟ್ಟು ಹೆಂಗಸರು ಕಣ್ಣೊರೆಸಿಕೊಂಡರು. ನಾನೂ ನಂಬಿದೆ. ಗೋಡೆಯಾಚೆಯೇ ಬೆಳಕು ಬಂದದ್ದು ನನಗೇ ಗೊತ್ತಾಗಲಿಲ್ಲವಲ್ಲ ಎಂದು ಪೇಚಾಡಿದೆ.

ಜೇರೆಡ್ ಮಾತ್ರ ಆ ಮಾತು ಬಂದಾಗಲೆಲ್ಲ ಗಂಜಿಯ ಬಟ್ಟಲನ್ನು ನೋಡುತ್ತಿದ್ದ. ಒಮ್ಮೆ ನಾವಿಬ್ಬರೇ ಇದ್ದಾಗ ಕೇಳಿದ. “ಆ ದರ್ಜಿ ಈಗ ಎಲ್ಲಿದಾನೆ?”

“ಯಾವ ದರ್ಜಿ?”

“ಮಳೇಲಿ ಹೋದ್ನಲ್ಲ.”

“ಸತ್ತ ಅಂತ ಕೇಳ್ದೆ. ಯಾಕೆ?”

“ಅವತ್ತು ಬೆಳಕು ಬಂದಿತ್ತು ಕಣೋ. ಚೆನ್ನಾಗೇ ಬಂದಿತ್ತು, ಕಣ್ಣು ಕುಕ್ಕೋ ಹಾಗೆ. ನಾನು ಹಿರಿಯರ ಮಾತು ಕೇಳಿ ಕಿಟಕಿ ಹಾಕ್ಕೊಂಡೆ.” ಕೆಮ್ಮಿದ. “ಈಗ ಎಲ್ಲಾ ಬಂದು ನನ್ನ ಮುಖದ ಮೇಲೆ ಬೆಳಕಿದೆ ಅಂತಾರೆ. ಜೈಲಲ್ಲಿ ಒಂದು ಮೋಂಬತ್ತಿ ಕೂಡ ಕೊಡಲ್ಲ.”

ಹನ್ನೊಂದನೇ ತಿಂಗಳ ಹಿಮ ಬಿದ್ದ ಮೇಲೆ ವಿಷಯ ಬಿಗಿಯಾಯಿತು. ಅಚ್ಚಿನ ಯಂತ್ರವನ್ನೂ ಮೊಳೆಗಳನ್ನೂ ಹರಾಜು ಹಾಕುವುದಾಗಿ ಷೆರೀಫ್ ಸಾರಿದ. ಹಾಗಾದರೆ ಕೆಜಾಯಾಗೆ ಸೂರೂ ಇಲ್ಲ, ಕೆಲಸವೂ ಇಲ್ಲ. ಒಕ್ಕಣ್ಣಿನ ಹೆಂಗಸನ್ನು ಪಾತ್ರೆ ತೊಳೆಯಲು ಬಿಟ್ಟರೆ ಬೇರೆ ಯಾವುದಕ್ಕೂ ಯಾರೂ ಕರೆಯುವುದಿಲ್ಲ. ಉಳಿದದ್ದು ಒಂದೇ ದಾರಿ. ನಮ್ಮ ಸಭೆ ಲಂಡನ್ನಿನ ಗೆಳೆಯರಿಗೆ ಬರೆದರೆ ಅವರು ಮಂತ್ರಿಗಳ ಮನೆ ಬಾಗಿಲು ತಟ್ಟುತ್ತಾರೆ, ಗವರ್ನರನಿಗೆ ಮೇಲಿನಿಂದ ಮಾತು ಬರುತ್ತದೆ, ಬಾಗಿಲಿನ ಅರಗು ಒಡೆಯುತ್ತದೆ. ಈ ಹಿಂದೆ ಹಾಗೆ ಆದದ್ದುಂಟು. ಆದರೆ ಆತ್ಮಸಾಕ್ಷಿಗಾಗಿ ನೊಂದವನಿಗೆ ಮಾತ್ರ ಸಭೆ ತನ್ನ ಹೆಸರು ಕೊಡುತ್ತದೆ, ಕಸುಬಿನ ತಾಪತ್ರಯಕ್ಕೆ ಕೊಡುವುದಿಲ್ಲ. ಅದಕ್ಕಾಗಿ ಹಿರಿಯರು ಅವನ ಬಾಯಿಂದಲೇ ಒಂದು ಮಾತು ಕೇಳಬೇಕಿತ್ತು. ಫಿನಿಯಾಸ್ ಬಿನ್ನಹವನ್ನು ಬರೆದು ಸಿದ್ಧ ಮಾಡಿಕೊಂಡಿದ್ದ, ಆ ಒಂದು ಮಾತಿಗೆ ಜಾಗ ಬಿಟ್ಟು.

ಅವನು ಬರುವ ಬೆಳಿಗ್ಗೆ ಕೆಜಾಯಾ ಮೊದಲೇ ಬಂದಳು. ನಾನು ಕಂಬಳಿ ಹೊತ್ತು ಅವಳ ಜೊತೆ ಹೋಗಿದ್ದೆ. ಅಪ್ಪನ ಎದೆಗೆ ಹಂದಿಯ ಕೊಬ್ಬು ತಿಕ್ಕುತ್ತ ಅವಳು ತಗ್ಗಿದ ದನಿಯಲ್ಲಿ ಮಾತಾಡಿದಳು.

“ಅಪ್ಪಾ, ನಾನು ನಿಂಗೆ ಸುಳ್ಳು ಹೇಳು ಅಂತಿಲ್ಲ.”

“ಸರಿ.”

“ಫಿನಿಯಾಸ್ ಕೇಳ್ತಾನೆ. ನೀನು ಸುಮ್ನೆ ಕೂತ್ಕೋ. ಕಣ್ಣು ಮುಚ್ಕೊಂಡು, ಸಭೇಲಿ ಕೂರೋ ಹಾಗೆ. ಅವನೇ ಏನು ಬೇಕೋ ಬರ್ಕೋತಾನೆ. ಮೂವತ್ತು ವರ್ಷ ಬಾಯಿ ಬಿಡದೆ ಕೂತಿದೀಯ. ಇನ್ನೊಂದು ಗಳಿಗೆ ಕೂರಕ್ಕಾಗಲ್ವಾ?”

“ಸುಮ್ನಿರೋದು ಸುಳ್ಳಾಗತ್ತಾ ಅಂತ ಯೋಚಿಸ್ತಿದೀನಿ.”

“ಆಗಲ್ಲ.”

“ದರ್ಜಿ ವಿಷ್ಯದಲ್ಲಿ ಆಯ್ತಲ್ಲ.”

ಅವಳಿಗೆ ಅದು ಅರ್ಥವಾಗಲಿಲ್ಲ. ನನಗೆ ಆಯಿತು, ಆದರೆ ನಾನು ಬಾಯಿ ಹಾಕಲಿಲ್ಲ. “ಅಪ್ಪಾ, ನಂಗಿರೋದು ಆ ಯಂತ್ರ ಒಂದೇ. ಬೇರೆಯವರ ಮನೇಲಿ ಬೂದಿ ಬಳೀತಾ ಸಾಯ್ಬೇಕಾ ನಾನು?” ಎಂದಳು. ಒಂದೇ ಕಣ್ಣಿನಲ್ಲಿ ನೀರು ತುಂಬಿತು. ಅವಳಿಗೆ ಅಳುವುದೂ ಅರ್ಧವೇ.

ಅವನು ಅವಳ ಕೈ ಹಿಡಿದುಕೊಂಡ. ಇಬ್ಬರ ಬೆರಳುಗಳೂ ತೊಳೆದರೂ ಹೋಗದ ಕಪ್ಪು. “ಆಗ್ಲಿ. ಸುಮ್ನಿರ್ತೀನಿ,” ಎಂದ. ಹೇಳುವಾಗ ನಿಜವಾಗಿ ಹಾಗೆಂದೇ ಅಂದುಕೊಂಡಿದ್ದ ಎಂದು ನಾನು ಈಗಲೂ ನಂಬುತ್ತೇನೆ.

ಈ ಕಥೆಯ ಹೊರಗಿನ ಭಾಗ ಎಲ್ಲರಿಗೂ ಗೊತ್ತು. ಬಿನ್ನಹ ಲಂಡನ್ನಿಗೆ ಹೋಗಲಿಲ್ಲ. ಯಂತ್ರ ಹರಾಜಿನಲ್ಲಿ ನ್ಯೂಯಾರ್ಕಿನವರ ಪಾಲಾಯಿತು. ಬದುಕುಳಿಯುವುದಿಲ್ಲ ಎಂದು ಖಚಿತವಾದ ಮೇಲೆ ಷೆರೀಫ್ ಜೇರೆಡ್‌ನನ್ನು ಬಿಟ್ಟ, ಮಂಜು ಕರಗುವ ಮೊದಲೇ ನಾವು ಅವನನ್ನು ಹೂಳಿದೆವು. ನಮ್ಮವರು ಗೋರಿಗೆ ಕಲ್ಲಿಡುವುದಿಲ್ಲ, ಹೆಸರು ಕೆತ್ತುವುದಿಲ್ಲ. ಜೀವಮಾನವಿಡೀ ಅಕ್ಷರ ಜೋಡಿಸಿದವನ ತಲೆಯ ಮೇಲೆ ಈಗ ಒಂದಕ್ಷರವೂ ಇಲ್ಲ, ಬರಿಯ ಹುಲ್ಲು. ಕೆಜಾಯಾ ಹ್ಯಾಲಿಡೇಯ ಅಡುಗೆಮನೆಯಲ್ಲಿದ್ದಾಳೆ. ಅವರ ಮನೆಯಲ್ಲಿ ಅವಳನ್ನು ನೀನು ಎಂದೇ ಕರೆಯುತ್ತಾರೆ, ಧರ್ಮದ ಕಾರಣಕ್ಕಲ್ಲ.

ಒಳಗಿನ ಭಾಗ ಕಂಡವರು ಅವನನ್ನು ಬಿಟ್ಟರೆ ನಾವು ಮೂವರೇ.

ಫಿನಿಯಾಸ್ ಮೆಟ್ಟಿಲಿಳಿದು ಬಂದ. ಒದ್ದೆ ನೆಲ ನೋಡಿ, ನಿಂತೇ ಇದ್ದ. ಆ ಬೆಳಿಗ್ಗೆ ಅವನ ಮುಖದಲ್ಲಿ ಗಿರಣಿಯ ಒಡೆಯ ಇರಲಿಲ್ಲ, ಅದನ್ನೂ ಹೇಳಬೇಕು. ಅವನ ತಾತ ಇದೇ ‘ನೀನು’ಗಾಗಿ ಬೀದಿಯಲ್ಲಿ ಚಾಟಿಯೇಟು ತಿಂದವನು. ಮೊಮ್ಮಗ ಹಿಟ್ಟು ಬೀಸಿ ದಪ್ಪಗಾಗಿದ್ದ, ಬಹಳ ದಿನಗಳಿಂದ ಯಾರೂ ಅವನನ್ನು ಹೊಡೆದಿರಲಿಲ್ಲ. ಸ್ವಾಗತ ಭಾಷಣದ ಆ ಹಾಳೆಯನ್ನು ಅವನು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡಿದ್ದ. ಮಡಿಸಿ ಮಡಿಸಿ ಗೆರೆಗಳು ಹರಿದಿದ್ದವು.

“ಗೆಳೆಯ ಜೇರೆಡ್, ನಾವು ನಿನ್ನನ್ನ ಚೆನ್ನಾಗಿ ನೋಡ್ಕೊಳ್ಳಲಿಲ್ಲ. ನಿನ್ನ ಬೆಂಚಲ್ಲಿ ನಿನ್ನ ಪಕ್ಕ ಯಾರೂ ಕೂತಿರಲಿಲ್ಲ.”

“ಮಸಿ ಅಂಟುತ್ತೆ ಅಂತ ಇರ್ಬೇಕು.”

“ನಾನು ಹೆಚ್ಚು ಕೇಳಲ್ಲ. ಇಷ್ಟೇ.” ಹಾಳೆಯನ್ನು ಬಿಡಿಸಿ ಜೇರೆಡ್‌ನ ಮೊಣಕಾಲ ಮೇಲೆ ಹರಡಿದ. ನಡುವಿನ ಸಾಲಿನ ಮೇಲೆ ಬೆರಳಿಟ್ಟ. “ಇಲ್ಲೀತನಕ ನೀನೂ ನಮ್ಮ ಹಾಗೇ ಇದ್ದೆ. ಇಲ್ಲಿಂದ ಮುಂದೆ ಇಲ್ಲ. ನಾನು ಸಭೇಲಿ ಎಷ್ಟೋ ವರ್ಷದಿಂದ ಕೂತಿದೀನಿ ಕಣಪ್ಪಾ, ನನಗೆ ಇಂಥದ್ದು ಒಂದ್ಸಲಾನೂ ಆಗಿಲ್ಲ.”

ಜೇರೆಡ್ ಕಣ್ಣು ಮುಚ್ಚಿಕೊಂಡ. ಕೆಜಾಯಾ ಉಸಿರು ಹಿಡಿದಳು. ಎಷ್ಟೋ ಹೊತ್ತು ಗೋಡೆಯ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನಮ್ಮ ಸಭೆಯಲ್ಲಿ ಕೂಡ ನಾನು ಅಂಥ ಮೌನ ಕಂಡಿಲ್ಲ. ಫಿನಿಯಾಸ್ ಕಾದು ನೋಡಿ, ಕೊನೆಗೆ ಲೇಖನಿಯನ್ನು ಮಸಿಯಲ್ಲಿ ಅದ್ದಿದ. ಇನ್ನೇನು ಬರೆದುಕೊಳ್ಳುವವನಿದ್ದ. ಆದರೆ ಆ ಪಾಪದ ಮನುಷ್ಯನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಆ ಒದ್ದೆ ನೆಲಕ್ಕೇ ಮೊಣಕಾಲೂರಿ, ಬಹುತೇಕ ಬೇಡುವ ದನಿಯಲ್ಲಿ ಇನ್ನೊಮ್ಮೆ ಕೇಳಿದ.

“ಹೇಳಪ್ಪಾ. ಈ ಸಾಲಿಗೆ ಬಂದಾಗ ನಿನಗೆ ಏನಾಯ್ತು?”

ಜೇರೆಡ್ ಕಣ್ಣು ಬಿಟ್ಟ. ಮಗಳನ್ನು ನೋಡಿದ, ಹಾಳೆಯನ್ನು ನೋಡಿದ.

“ಪೆಟ್ಟಿಗೇಲಿ ‘ವು’ ಮುಗಿದುಹೋಯ್ತು,” ಎಂದ.